ಎರಡು ಪಾತ್ರೆ, ಒಂದು ಸೌಟು

ಉಪ್ಪಿನ ವಿಷಯದಲ್ಲಿ ನಾನು ಜಗಳಗಂಟಿ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮದುವೆಯೂಟಕ್ಕೆ ಕೂತರೆ ಸಾರಿಗೆ ಉಪ್ಪು ಸಾಲದು ಎಂದು ಬಡಿಸುವವರಿಗೆ ಹೇಳದೆ ಏಳುವವಳಲ್ಲ ನಾನು. ಪಕ್ಕದಲ್ಲಿ ಕೂತ ಮಗಳು ಮೇಜಿನ ಕೆಳಗೆ ನನ್ನ ತೊಡೆ ಚಿವುಟುತ್ತಾಳೆ, ನಾನು ಆಕೆಯ ಕೈ ತಳ್ಳಿ ಹೇಳಿಯೇ ಹೇಳುತ್ತೇನೆ. ಕ್ರಿಸ್‌ಮಸ್ ಮುಗಿದ ವಾರ ಆರ್.ಟಿ. ನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಉಳಿದ ಹ್ಯಾಮಿನ, ಅಂದರೆ ಹೊಗೆ ಕೊಟ್ಟ ಹಂದಿ ತೊಡೆಯ, ಮೂಳೆ ಹಾಕಿ ಅವರೆಕಾಳಿನ ಸೂಪು ಮಾಡುವವಳು ನಾನೊಬ್ಬಳೇ. ಮೆಟ್ಟಿಲ ತನಕ ಘಮ ಹೋಗುತ್ತದೆ. ತಿನ್ನುವವರು ಬಂದು ರೆಸಿಪಿ ಕೇಳುತ್ತಾರೆ, ತಿನ್ನದವರೂ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಾರೆ. ಎಲ್ಲ ಹೇಳುತ್ತೇನೆ, ಏನನ್ನೂ ಮುಚ್ಚಿಡುವುದಿಲ್ಲ. ಉಪ್ಪು ಎಷ್ಟು ಚಮಚ ಎಂದಾಗ ಮಾತ್ರ ನನ್ನ ಹತ್ತಿರ ಉತ್ತರವಿಲ್ಲ. ಅವರು ಫೋನಿನಲ್ಲಿ 'ರುಚಿಗೆ ತಕ್ಕಷ್ಟು' ಎಂದು ಬರೆದುಕೊಂಡು ಹೋಗುತ್ತಾರೆ. ಅದು ಎಷ್ಟು ಎಂದು ಕಂಡುಹಿಡಿಯುವುದೇ ನನ್ನ ಬಾಲ್ಯದ ಉದ್ಯೋಗವಾಗಿತ್ತು.

ಆಗ ನಾವು ಕೆಂಪಾಪುರದಲ್ಲಿದ್ದೆವು. ಒಂದರ ಹಿಂದೊಂದು ಮೂರು ಕೋಣೆಗಳ ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಯೇಸುವಿನ ಪಟ, ಅದರ ಕೆಳಗೆ ಹಗಲೂ ಉರಿಯುವ ಕೆಂಪು ಬಲ್ಬು, ಅಪ್ಪನ ಬೆತ್ತದ ಕುರ್ಚಿ. ನಡುವಿನ ಕೋಣೆಯಲ್ಲಿ ಟ್ರಂಕುಗಳು ಮತ್ತು ನಾವು. ಹಿಂದಿನದು ಅಡುಗೆಮನೆ. ಕೆಂಪು ಗಾರೆಯ ನೆಲ ಬೇರೆಲ್ಲ ಕಡೆ ಮಾಸಿದ್ದರೂ ಅಡುಗೆಮನೆಯಲ್ಲಿ ಮಾತ್ರ ಮಿರುಗುತ್ತಿತ್ತು, ಯಾಕೆಂದರೆ ಅಲ್ಲಿ ಇಬ್ಬರು ಹೆಂಗಸರು ಪೈಪೋಟಿಯ ಮೇಲೆ ಒರೆಸುತ್ತಿದ್ದರು. ಒಬ್ಬಳು ನನ್ನ ಅಮ್ಮ, ಅಬ್ಬಿಗೆರೆಯ ಬೇಸಾಯದ ಮನೆಯ ಮಗಳು. ಅಪ್ಪನನ್ನು ಮೆಚ್ಚಿ ಮದುವೆಯಾಗಿ, ಭಾನುವಾರ ಚರ್ಚಿನ ಕಡೆಯ ಬೆಂಚಿನಲ್ಲಿ ಕೂರುವುದನ್ನು ಕಲಿತವಳು. ಇನ್ನೊಬ್ಬಳು ಅಪ್ಪನ ಅಕ್ಕ ಲೀನಾ ಅತ್ತೆ. ಮದುವೆಯಾಗದೆ ನಮ್ಮ ಜೊತೆಯೇ ಉಳಿದಿದ್ದ ಆಕೆ ತಮ್ಮನ ಹೆಂಡತಿಗೆ ಅಡುಗೆ ಕಲಿಸುವ ಹೊಣೆ ದೇವರೇ ತನಗೆ ವಹಿಸಿದ್ದಾನೆ ಎಂದು ನಂಬಿದ್ದಳು. ಜಗಳ ಜೋರಾಗಿ ನಡೆಯುತ್ತಿರಲಿಲ್ಲ. ಪಾತ್ರೆಗಳನ್ನು ಸ್ವಲ್ಪ ಗಟ್ಟಿಯಾಗಿ ಇಡುತ್ತಿದ್ದರು, ಅಷ್ಟೇ.

ಅಪ್ಪ ಒಂದು ಕೋಲ್ಡ್ ಸ್ಟೋರೇಜ್ ಅಂಗಡಿಯಲ್ಲಿ ಮಾಂಸ ಕತ್ತರಿಸುವ ಕೆಲಸದಲ್ಲಿದ್ದ. ಕ್ರಿಸ್‌ಮಸ್ಸಿಗೆ ಮಾಲೀಕರು ಅವನಿಗೆ ಒಂದು ಹ್ಯಾಮ್ ಕೊಡುತ್ತಿದ್ದರು. ಉಪ್ಪುನೀರಿನಲ್ಲಿ ದಿನಗಟ್ಟಲೆ ಮುಳುಗಿಸಿ, ಆಮೇಲೆ ಹೊಗೆ ಕೊಟ್ಟ ಇಡೀ ಹಂದಿ ತೊಡೆ. ಹಬ್ಬದ ದಿನ ಅತ್ತೆಯ ನೆಂಟರೆಲ್ಲ ಬಂದು ಅದನ್ನು ಹಾಳೆ ಹಾಳೆಯಾಗಿ ಕೊಯ್ದು ತಿಂದು, ಮೂಳೆಯೂ ಅದಕ್ಕೆ ಅಂಟಿದ ಒಂದಿಷ್ಟು ಚೂರುಪಾರೂ ಉಳಿಯುತ್ತಿದ್ದವು. ನನಗೆ ಹಬ್ಬ ಶುರುವಾಗುತ್ತಿದ್ದುದೇ ಆಗ. ಮೂಳೆಯನ್ನು ಒಂದು ರಾತ್ರಿ ನೀರಲ್ಲಿಟ್ಟು, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಈರುಳ್ಳಿ, ಮೆಣಸು, ಪಲಾವ್ ಎಲೆ ಹಾಕಿ ಬೆಳಗಿನಿಂದ ಸಣ್ಣ ಉರಿಯಲ್ಲಿ ಬೇಯಲು ಬಿಡುವುದು. ಮಾಂಸ ತಾನಾಗಿ ಮೂಳೆ ಬಿಟ್ಟು ಕೈಗೆ ಬಂದಾಗ ಎಳೆಯೆಳೆಯಾಗಿ ಬಿಡಿಸಿ ಮತ್ತೆ ಪಾತ್ರೆಗೆ ಹಾಕುವುದು. ಅಪ್ಪನ ಕಡೆಯವರು ಇದಕ್ಕೆ ಒಣಗಿದ ಬಿಳಿ ಬೀನ್ಸ್ ಹಾಕುತ್ತಿದ್ದರಂತೆ. ಅಮ್ಮ ಬಂದ ಮೇಲೆ ಅದು ಹೋಗಿ ಹಿತುಕಿದ ಅವರೆಕಾಳು ಬಂತು. ಹಿಂದಿನ ದಿನ ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪುಳಕ್ಕನೆ ಹಾರಿ ಪಾತ್ರೆಗೆ ಬೀಳುತ್ತದೆ; ಆ ಕೆಲಸ ನನ್ನದು. ಕೊನೆಗೆ ಆಲೂಗಡ್ಡೆ, ಒಂದು ಹಿಡಿ ಸಬ್ಬಸಿಗೆ ಸೊಪ್ಪು. ಬೆಂದ ಬೇಳೆಯಲ್ಲಿ ಒಂದು ಪಾಲನ್ನು ಸೌಟಿನಿಂದ ಮಸೆದರೆ ಸೂಪು ಗಟ್ಟಿಯಾಗಿ, ಅನ್ನದ ಹಂಗಿಲ್ಲದೆ ಹೊಟ್ಟೆ ತುಂಬಿಸುವಂತಾಗುತ್ತಿತ್ತು. ಅಪ್ಪ ಮತ್ತು ಅತ್ತೆ ಬ್ರೆಡ್ ಅದ್ದಿಕೊಂಡು ತಿನ್ನುತ್ತಿದ್ದರು. ಅಮ್ಮ ರಾಗಿ ಮುದ್ದೆ ಮುರಿದು ಅದ್ದುತ್ತಿದ್ದಳು, ಅತ್ತೆ ಆ ಕಡೆ ನೋಡುತ್ತಿರಲಿಲ್ಲ.

ಅಮ್ಮ ಹುಟ್ಟಿದ ಮನೆಯಲ್ಲಿ ಒಂದು ಪದ್ಧತಿಯಿತ್ತು. ಒಲೆಯ ಮೇಲಿರುವುದನ್ನು ಅಡುಗೆ ಮಾಡುವವಳು ರುಚಿ ನೋಡುವಂತಿಲ್ಲ. ದೇವರಿಗೆ ಎಡೆ ಇಡುವ ದಿನ ಎಲ್ಲರ ಮನೆಯಲ್ಲೂ ಹಾಗೆಯೇ, ಆದರೆ ನನ್ನ ಅಜ್ಜಿ, ಅಂದರೆ ಅಮ್ಮನ ತಾಯಿ, ಅದನ್ನು ವರ್ಷದ ಎಲ್ಲ ದಿನಕ್ಕೂ ಹಬ್ಬಿಸಿದ್ದಳು. ಉಪ್ಪನ್ನು ಕಣ್ಣಳತೆಯಲ್ಲಿ ಹಾಕಿ, ಆವಿಯ ವಾಸನೆಯಲ್ಲಿ ತಿಳಿಯಬೇಕು. ಅಮ್ಮ ಧರ್ಮ ಬಿಟ್ಟಳು, ಹಣೆಯ ಕುಂಕುಮ ಚಿಕ್ಕದು ಮಾಡಿಕೊಂಡಳು, ಹುಟ್ಟಿದ ಮನೆಯಲ್ಲಿ ಯಾರೂ ಮುಟ್ಟದ ಹಂದಿಮಾಂಸ ತಿಂದಳು. ಇದೊಂದನ್ನು ಮಾತ್ರ ಬಿಡಲಿಲ್ಲ. ಸಾರು, ಹುಳಿ, ಗೊಜ್ಜಿಗೆ ಅವಳ ಅಂದಾಜು ಎಂದೂ ತಪ್ಪುತ್ತಿರಲಿಲ್ಲ. ಹ್ಯಾಮಿನ ಸೂಪಿಗೆ ಮಾತ್ರ ಅದು ನಡೆಯುತ್ತಿರಲಿಲ್ಲ, ಯಾಕೆಂದರೆ ಮೂಳೆ ಎಷ್ಟು ಉಪ್ಪು ಕುಡಿದಿದೆ, ಎಷ್ಟು ಬಿಡುತ್ತದೆ ಎಂಬುದು ಒಂದೊಂದು ವರ್ಷ ಒಂದೊಂದು ಥರ. ಮದುವೆಯಾದ ಮೊದಲ ವರ್ಷ ಆಕೆ ಮಾಡಿದ ಸೂಪಿಗೆ ಮೂರು ಸಲ ನೀರು ಬೆರೆಸಿ, ಕೊನೆಗೆ ಬೀದಿಯ ನಾಯಿಗಳಿಗೆ ಇಟ್ಟರೆ ಅವೂ ಮೂಸಿ ಹೋದವು ಎಂದು ಅತ್ತೆ ನಾನು ದೊಡ್ಡವಳಾಗುವ ತನಕವೂ ಹೇಳುತ್ತಿದ್ದಳು.

"ಒಂದ್ ತೊಟ್ಟು ನಾಲಿಗೆ ಮೇಲೆ ಹಾಕ್ಕೊಂಡ್ರೆ ನಿನ್ ಗಂಟೇನ್ ಹೋಗುತ್ತೆ?" ಎನ್ನುತ್ತಿದ್ದಳು ಅತ್ತೆ.

"ನನ್ ಕೈಲಿ ಆಗಲ್ಲ ಅಕ್ಕ. ನೀವ್ ಬೇಕಾದ್ರೆ ನೋಡಿ, ಆದ್ರೆ ಸೌಟಿಗೆ ಬಾಯಿ ಹಾಕ್ಬೇಡಿ."

ಅತ್ತೆ ಸೌಟಿಗೆ ಬಾಯಿ ಹಾಕುವವಳೇ. ಅಲ್ಲಿಂದ ಮುಂದೆ ಮಾತು ಎಂಜಲಿಗೆ ತಿರುಗಿ, ಅಮ್ಮ ಆ ಪಾತ್ರೆಯಿಂದ ಊಟ ಮಾಡದೆ ಕೂತು, ಅಪ್ಪ ಇಬ್ಬರ ನಡುವೆ ಬ್ರೆಡ್ ಹಿಡಿದು ನಿಲ್ಲುತ್ತಿದ್ದ. ಕೊನೆಗೆ ದಾರಿ ಹುಡುಕಿದವನೂ ಅವನೇ. ಮಗು ರುಚಿ ನೋಡಲಿ ಎಂದ. ಚಿಕ್ಕ ಮಕ್ಕಳು ತಿಂದರೆ ದೇವರಿಗೂ ಬೇಸರವಿಲ್ಲ ಎಂದು ಅಮ್ಮ ಒಪ್ಪಿದಳು; ಅಡುಗೆಯ ವಿಷಯದಲ್ಲಿ ಅಮ್ಮ ಒಪ್ಪಿದ್ದು ಅಪರೂಪವಾದ್ದರಿಂದ ಅತ್ತೆಯೂ ಸುಮ್ಮನಾದಳು. ಆರು ವರ್ಷಕ್ಕೇ ನಾನು ಆ ಮನೆಯ ನಾಲಿಗೆಯಾದೆ. ನನಗೊಂದು ಮಣೆ ಹಾಕಿ ಒಲೆಯ ಪಕ್ಕ ನಿಲ್ಲಿಸುತ್ತಿದ್ದರು. ಸೌಟಿನಲ್ಲಿ ತೆಗೆದು, ಊದಿ, ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಬೇಕು, ಸೌಟಿಗೆ ತುಟಿ ತಾಗಬಾರದು, ನೆಕ್ಕಿದ ಕೈ ತೊಳೆಯಬೇಕು. ಇಷ್ಟು ಪಾಠವನ್ನು ಅಮ್ಮ ನೂರು ಸಲ ಹೇಳಿಕೊಟ್ಟಿದ್ದಳು. ದೊಡ್ಡವರು ಇಬ್ಬರೂ ನನ್ನ ಬಾಯಿಂದ ಬರುವ ಮಾತಿಗೆ ಕಾಯುತ್ತ ನಿಂತಾಗ ನನಗೆ ಎಷ್ಟು ಕೊಬ್ಬು ಬರುತ್ತಿತ್ತು ಎಂದರೆ, ಗೊತ್ತಾದರೂ ಬೇಕೆಂದೇ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕಾಯಿಸುತ್ತಿದ್ದೆ.

ಅವರೆಕಾಯಿ ತರುತ್ತಿದ್ದವಳು ಅಜ್ಜಿ. ಚಳಿಗಾಲದಲ್ಲಿ ಎರಡು ಸಲ ಅಬ್ಬಿಗೆರೆಯಿಂದ ಹೊರಟು, ಯಶವಂತಪುರದಲ್ಲಿ ಬಸ್ಸು ಬದಲಿಸಿ, ಹೆಬ್ಬಾಳದಲ್ಲಿಳಿದು ಸೊಗಡಿನ ಕಾಯಿ ತುಂಬಿದ ಚೀಲವನ್ನು ತಲೆಯ ಮೇಲಿಟ್ಟುಕೊಂಡು ನಡೆದು ಬರುತ್ತಿದ್ದಳು. ಬಂದವಳು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂರುವಳು. ಒಳಗೆ ಬಂದವಳಲ್ಲ, ನಮ್ಮ ಮನೆಯ ನೀರು ಕುಡಿದವಳಲ್ಲ. ಅಪ್ಪನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅಳಿಯ ಮನೆಯಲ್ಲಿದ್ದರೆ ಆರೋಗ್ಯ ವಿಚಾರಿಸಿ ನಗುತ್ತಿದ್ದಳು. ಯೇಸುವಿನ ಪಟಕ್ಕೂ ಅವಳ ತಕರಾರಿರಲಿಲ್ಲ, ದೂರದಿಂದಲೇ ಒಂದು ಕೈ ಮುಗಿಯುವಳು. ಅವಳ ತಕರಾರು ಅಡುಗೆಮನೆಯ ಜೊತೆ.

"ನಾವು ಕುರಿ ಕೋಳಿ ತಿನ್ನೋ ಜನ ಕಣವ್ವಾ. ಆ ಪ್ರಾಣಿ ಬೆಂದ ಪಾತ್ರೇಲಿ ನಂಗೆ ಇಳಿಯಾಕಿಲ್ಲ. ಇಂಗೆ ಕೂತು ನಿನ್ ಮಕ ನೋಡ್ಕಂಡ್ ಓಗ್ತೀನಿ, ಅಷ್ಟೇ ಸಾಕು."

ಅಮ್ಮನಿಗೆ ಅಷ್ಟು ಸಾಕಾಗುತ್ತಿರಲಿಲ್ಲ. ಅವಳು ಅದನ್ನು ಬಾಯಿಬಿಟ್ಟು ಹೇಳಿದವಳಲ್ಲ, ಆದರೆ ಅಜ್ಜಿ ಬರುವ ದಿನ ಒಂದು ಹೊಸ ಸ್ಟೀಲು ತಟ್ಟೆ ತೊಳೆದು ಒರೆಸಿ ಇಟ್ಟಿರುತ್ತಿದ್ದಳು, ಸಂಜೆ ಅದನ್ನು ಹಾಗೇ ಟ್ರಂಕಿಗೆ ಸೇರಿಸುತ್ತಿದ್ದಳು. ತಾಯಿ ಒಂದು ಸಲ ತನ್ನ ಮನೆಯಲ್ಲಿ ಉಣ್ಣಬೇಕು ಎಂಬುದಕ್ಕಿಂತ ದೊಡ್ಡ ಆಸೆ ಆ ವರ್ಷಗಳಲ್ಲಿ ಅವಳಿಗೆ ಇರಲಿಲ್ಲ.

ನನಗೆ ಹತ್ತು ವರ್ಷವಾಗಿದ್ದಾಗ ಅದು ಕೂಡಿಬಂತು. ಹಬ್ಬ ಮುಗಿದು ಎರಡು ದಿನವಾಗಿತ್ತು, ಬೆಳಗಿನಿಂದ ಮೂಳೆ ಬೇಯುತ್ತಿತ್ತು. ಅಜ್ಜಿ ಬಂದು ಕಟ್ಟೆಯ ಮೇಲೆ ಕೂತು ಚೀಲ ಇಳಿಸಿದ ಸ್ವಲ್ಪ ಹೊತ್ತಿಗೆ, ಹೆಬ್ಬಾಳದ ಹತ್ತಿರ ಏನೋ ಗಲಾಟೆಯಾಗಿ ಬಸ್ಸುಗಳು ನಿಂತಿವೆ, ಸಂಜೆಯ ತನಕ ಬಿಡುವುದಿಲ್ಲ ಎಂದು ಪಕ್ಕದ ಮನೆಯವರು ಹೇಳಿದರು. ಮಧ್ಯಾಹ್ನದ ಬಿಸಿಲು ಏರಿತ್ತು. ಅಜ್ಜಿ ಬೆಳಗಿನ ಜಾವ ಹೊರಟವಳು, ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಅಮ್ಮ ಗೇಟಿನ ಹತ್ತಿರ ಹೋಗಿ ನಿಂತಳು.

"ಅವ್ವಾ, ಹೊಸ ಪಾತ್ರೆ ಇದೆ. ಯಾವತ್ತೂ ಒಲೆ ಮೇಲೆ ಇಟ್ಟಿಲ್ಲ. ಅದರಲ್ಲಿ ಬರೀ ಅವರೆಕಾಳು ಮಾಡಿಕೊಡ್ತೀನಿ. ನಿನ್ನ ಕಾಳು, ಹೊಸ ಪಾತ್ರೆ, ನನ್ನ ಕೈ. ಅಷ್ಟೇ."

ಅಜ್ಜಿ ಅಮ್ಮನ ಮುಖ ನೋಡಿದಳು. ಆಮೇಲೆ ಕಾಲು ತೊಳೆದು ಮುಂದಿನ ಕೋಣೆಗೆ ಬಂದು ಗೋಡೆಗೆ ಒರಗಿ ಕೂತಳು. ಅತ್ತೆಯೇ ಓಡಿಹೋಗಿ ಚಾಪೆ ತಂದಳು. ನನ್ನ ಜೀವಮಾನದಲ್ಲಿ ಅಮ್ಮ ಅಷ್ಟು ಬೇಗ ಕೆಲಸ ಮಾಡಿದ್ದನ್ನು ಮತ್ತೆ ನೋಡಿಲ್ಲ. ಅಜ್ಜಿ ಹಿಂದಿನ ಸಲ ತಂದಿದ್ದ ಕಾಯಿಯಿಂದ ಸೂಪಿಗೆಂದು ನಾನು ಹಿತುಕಿಟ್ಟಿದ್ದ ಬೇಳೆಯಲ್ಲಿ ಅರ್ಧ ಹೊಸ ಪಾತ್ರೆಗೆ ಹೋಯಿತು, ಅರ್ಧ ಮೂಳೆ ಬೇಯುತ್ತಿದ್ದ ದೊಡ್ಡ ಡಬರಿಗೆ. ಎರಡು ಒಲೆ, ಎರಡು ಪಾತ್ರೆ, ಅಕ್ಕಪಕ್ಕ. ಇತ್ತ ಅಮ್ಮ ನೆಲದ ಮೇಲೆ ಕೂತು ರಾಗಿ ಮುದ್ದೆ ತೊಳಸುತ್ತಿದ್ದಳು, ಬೆನ್ನು ನನ್ನ ಕಡೆಗಿತ್ತು.

"ಕುಸುಮಾ, ಎರಡರದ್ದೂ ಉಪ್ಪು ನೋಡಮ್ಮ."

ಮೊದಲು ಡಬರಿಯದು ನೋಡಿದೆ. ಅಂಗೈಗೆ ಬಿಟ್ಟುಕೊಂಡೆ, ನೆಕ್ಕಿದೆ, ಕೈ ತೊಳೆದೆ. ತುಟಿ ಸೌಟಿಗೆ ತಾಗಲಿಲ್ಲ. ಎಲ್ಲ ಪಾಠವನ್ನೂ ಚಾಚೂ ತಪ್ಪದೆ ಒಪ್ಪಿಸಿ, ಅದೇ ಸೌಟನ್ನು ಹೊಸ ಪಾತ್ರೆಗೆ ಅದ್ದಿದೆ. ಎಂಜಲಿನ ಬಗ್ಗೆ ನನಗೆ ನೂರು ಸಲ ಹೇಳಿದ್ದರು, ಇದರ ಬಗ್ಗೆ ಯಾರೂ ಒಂದು ಸಲವೂ ಹೇಳಿರಲಿಲ್ಲ. ಸೌಟು ಮೇಲೆತ್ತುವಾಗ ಕಂಡಿತು. ಹಸಿರು ಬೇಳೆಗಳ ನಡುವೆ ತೇಲುವ ಜಿಡ್ಡಿನ ಒಂದು ದುಂಡು ಹನಿ, ಅದರ ಪಕ್ಕ ಮಾಂಸದ ಒಂದು ತೆಳು ಎಳೆ, ಗುಲಾಬಿ ಬಣ್ಣದ್ದು. ನಾನು ಅಮ್ಮನ ಬೆನ್ನು ನೋಡಿದೆ. ಎಳೆಯನ್ನು ಬೆರಳಿಂದ ಎತ್ತಿ ಬಾಯಿಗೆ ಹಾಕಿಕೊಂಡೆ. ಸೌಟಿನಿಂದ ಪಾತ್ರೆಯನ್ನು ಒಂದು ಸುತ್ತು ಕಲಕಿದೆ. ಜಿಡ್ಡು ಕಾಣದಾಯಿತು.

"ಎರಡೂ ಸರಿಯಾಗಿದ್ಯಾ?"

"ಸರಿಯಾಗಿದೆ," ಎಂದೆ.

ಅಜ್ಜಿ ಹೊಸ ತಟ್ಟೆಯಲ್ಲಿ ಉಂಡಳು. ಮೊದಲ ತುತ್ತು ನುಂಗಿ, ಉಪ್ಪು ಸರಿಯಾಗಿ ಬಿದ್ದದೆ ಎಂದಳು. ಆಮೇಲೆ ಇಡೀ ಮುದ್ದೆ ಮುಗಿಸಿ, ಇನ್ನೊಂದು ಸೌಟು ಆಕು ಎಂದು ತಟ್ಟೆ ಒಡ್ಡಿದಳು. ಅಮ್ಮ ಬಡಿಸಿ ಅಡುಗೆಮನೆಗೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅತ್ತೆ ಅವಳ ಬೆನ್ನು ಸವರಿದಳು, ಆ ಇಬ್ಬರ ನಡುವೆ ಹಾಗೆ ನಡೆದದ್ದು ನಾನು ಕಂಡದ್ದು ಅದೇ ಮೊದಲು. ನಾನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಆ ದಿನ ನಾನು ಸೂಪು ತಿನ್ನಲಿಲ್ಲ.

ಸಂಜೆ ಬಸ್ಸು ಬಿಟ್ಟ ಮೇಲೆ ಅಜ್ಜಿ ಹೋದಳು. ಅಮ್ಮ ಬೀದಿಯಲ್ಲಿ ಸಿಕ್ಕವರಿಗೆಲ್ಲ "ನಮ್ಮವ್ವ ಊಟ ಮಾಡ್ಕೊಂಡ್ ಹೋದ್ರು" ಎಂದು ಹೇಳತೊಡಗಿದಳು. ಹಾಲಿನವರಿಗೆ ಹೇಳಿದಳು, ಬಟ್ಟೆ ಇಸ್ತ್ರಿ ಮಾಡುವವರಿಗೆ ಹೇಳಿದಳು, ಚರ್ಚಿನಲ್ಲಿ ಹೇಳಿದಳು. ಪ್ರತಿ ಸಲವೂ ನಾನು ಅವಳ ಬೆನ್ನ ಹಿಂದೆ ಸರಿಯುತ್ತಿದ್ದೆ. ತಡೆಯಲಾರದೆ ಅತ್ತೆಗೆ ಹೇಳಿಬಿಟ್ಟೆ. ಅತ್ತೆ ನನ್ನ ಗಲ್ಲ ಹಿಡಿದು, ಅಂಥ ಹೊತ್ತಿನಲ್ಲಿ ಆಕೆಗೆ ಬರುತ್ತಿದ್ದ ಮೆತ್ತನೆಯ ದನಿಯಲ್ಲಿ ಬುದ್ಧಿ ಹೇಳಿದಳು.

"ಸುಮ್ನಿರು. ಅವರು ಸಂತೋಷವಾಗಿ ತಿಂದ್ರು, ನಿಮ್ಮಮ್ಮ ಸಂತೋಷವಾಗಿದ್ದಾಳೆ. ನೀನ್ ಹೇಳಿದ್ರೆ ಯಾರಿಗ್ ಏನ್ ಸಿಗುತ್ತೆ?"

ಅದು ಸುಳ್ಳೇನಲ್ಲ. ಆದರೆ ಆ ವಾರದ ಕೊನೆಗೆ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಅಮ್ಮ, ಸಂಕ್ರಾಂತಿಗೆ ಅವ್ವನನ್ನು ಕರೆಯೋಣ, ಈಗ ಬರುತ್ತಾಳೆ, ನೀನೇ ಉಪ್ಪು ನೋಡುವಿಯಂತೆ ಎಂದಳು. ನಾನು ಹೇಳಿದೆ. ಅಮ್ಮನ ಕೈ ನಿಂತಿತು.

"ಎಳೆ ಕಂಡ್ಯಾ?"

"ಕಂಡೆ. ತೆಗ್ದೆ."

"ತೆಗೆದ್ಮೇಲೂ ಸರಿಯಾಗಿದೆ ಅಂದ್ಯಾ?"

"ಹೂಂ."

ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಮೊರದಲ್ಲಿದ್ದ ಸಿಪ್ಪೆ ಬೇರೆ, ಕಾಳು ಬೇರೆ ಮಾಡಿ ಎದ್ದು ಕೈ ತೊಳೆದು ಬಂದು ಕೂತಳು.

"ಸೌಟು ನನ್ ತಪ್ಪು. ಎರಡು ಇಡ್ಬೇಕಿತ್ತು, ಇಡ್ಲಿಲ್ಲ. ಸುಳ್ಳು ನಿನ್ದು. ಅದನ್ನ ನಾನ್ ಹೋಗಿ ಹೇಳಕ್ಕಾಗಲ್ಲ, ನೀನೇ ಹೇಳ್ಬೇಕು."

ರಾತ್ರಿ ಊಟದ ಹೊತ್ತಿಗೆ ಅಪ್ಪ ಬೇಡವೆಂದ. ವಯಸ್ಸಾದ ಜೀವ, ಯಾಕೆ ನೋಯಿಸುತ್ತೀರಿ ಎಂದ. ಅಮ್ಮ ಅವನಿಗೆ ಎದುರಾಡಿದ್ದು ಕಡಿಮೆ. ಅವ್ವ ನನ್ನ ಮಾತು ನಂಬಿ ತಟ್ಟೆಗೆ ಕೈಯಿಟ್ಟಳು, ನಂಬಿದವರಿಗೆ ಗೊತ್ತಾಗಬೇಕು ಎಂದಷ್ಟೇ ಹೇಳಿ ತಟ್ಟೆ ತೆಗೆದಳು. ಹೇಳಿದರೆ ಅಜ್ಜಿ ಮತ್ತೆ ಗೇಟಿನ ತನಕವೂ ಬಾರದಿರಬಹುದು ಎಂದು ಅವಳಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಭಾನುವಾರ ಅಬ್ಬಿಗೆರೆಗೆ ಹೋದೆವು. ಮನೆಯ ಹಿಂದಿನ ಅವರೆ ಹೊಲದ ಅರ್ಧದಲ್ಲಿ ಆಗಲೇ ಸೈಟಿನ ಕಲ್ಲು ನೆಟ್ಟಿದ್ದರು. ಅಜ್ಜಿ ಜಗಲಿಯಲ್ಲಿ ಕಾಳು ಒಣಹಾಕುತ್ತಿದ್ದಳು. ಅಮ್ಮ ನನ್ನನ್ನು ಮುಂದೆ ಬಿಟ್ಟು ಕಂಬದ ಹತ್ತಿರ ನಿಂತಳು. ನಾನು ಎಲ್ಲ ಹೇಳಿದೆ, ಎಳೆಯ ಬಣ್ಣವನ್ನೂ ಹೇಳಿದೆ. ಅಜ್ಜಿ ಬೈಯಲಿಲ್ಲ. ಎದ್ದು ಬಚ್ಚಲಿಗೆ ಹೋದಳು. ವಾರದ ಹಿಂದೆ ಉಂಡದ್ದಕ್ಕೆ ಅವಳು ಬಾಯಿ ಮುಕ್ಕಳಿಸುವ ಸದ್ದು ಜಗಲಿಗೆ ಕೇಳಿಸುತ್ತಿತ್ತು, ಒಂದು ಸಲ, ಎರಡು ಸಲ, ಮತ್ತೆ ಮತ್ತೆ. ನನಗೆ ಅಷ್ಟು ನಾಚಿಕೆ ಇನ್ನೆಂದೂ ಆಗಿಲ್ಲ. ಹೊರಗೆ ಬಂದವಳು ಮುಖ ಒರೆಸಿಕೊಳ್ಳುತ್ತ ಅಮ್ಮನನ್ನು ನೋಡದೆ, ಒರಡಿ, ಬಸ್ಸಿಗೆ ಒತ್ತಾಯ್ತದೆ ಎಂದಳು. ವಾಪಸ್ಸು ಬರುವ ದಾರಿಯುದ್ದಕ್ಕೂ ಅಮ್ಮ ನನ್ನ ಕೈ ಹಿಡಿದೇ ಇದ್ದಳು.

ಮುಂದಿನ ಚಳಿಗಾಲದಲ್ಲಿ ಅವರೆಕಾಯಿ ಬರಲಿಲ್ಲ. ಅಮ್ಮ ಯಶವಂತಪುರದ ಮಾರ್ಕೆಟ್ಟಿನಿಂದ ತಂದಳು. ಸೂಪು ಮಾಡುವ ದಿನ ಪಕ್ಕದ ಒಲೆಯ ಮೇಲೆ ಸಣ್ಣ ಪಾತ್ರೆಯನ್ನೂ ಇಟ್ಟಳು, ಅದಕ್ಕೆ ಹಿಡಿಯಲ್ಲಿ ದಾರ ಕಟ್ಟಿದ ಬೇರೆ ಸೌಟು. ಯಾರು ಬರುತ್ತಾರೆಂದು ಯಾರೂ ಕೇಳಲಿಲ್ಲ. ಸಂಜೆ ಆ ಪಾತ್ರೆಯ ಅವರೆಕಾಳನ್ನು ಎಂದೂ ಮುದ್ದೆ ತಿನ್ನದ ಅತ್ತೆಯೇ ಮುದ್ದೆಯ ಜೊತೆ ತಿಂದು, ಚೆನ್ನಾಗಿದೆ ಎಂದಳು.

ಅದರ ಮುಂದಿನ ವರ್ಷ, ಎರಡೂ ಪಾತ್ರೆ ಒಲೆಯ ಮೇಲಿದ್ದ ಸೂಪಿನ ದಿನ, ಮಧ್ಯಾಹ್ನ ಗೇಟು ಸದ್ದಾಯಿತು. ಅಜ್ಜಿ ಚೀಲ ಇಳಿಸಿದಳು. ಕಟ್ಟೆಯ ಮೇಲೆ ಕೂರಲಿಲ್ಲ. ಕಾಲು ತೊಳೆದು ಒಳಗೆ ಬಂದು ಗೋಡೆಗೆ ಒರಗಿ ಕೂತು, ಬಸ್ಸೇನೋ ಓಡಾಡ್ತಾವೆ, ಒಟ್ಟೆ ಅಸೀತದೆ ಎಂದಳು. ಅಮ್ಮ ಗಾಬರಿಯಲ್ಲಿ ಸಣ್ಣ ಪಾತ್ರೆಗೆ ಇನ್ನೊಂದು ಚಿಟಿಕೆ ಉಪ್ಪು ಹಾಕಿ ತಟ್ಟೆ ಹುಡುಕಲು ಟ್ರಂಕಿನ ಹತ್ತಿರ ಓಡಿದಳು. ನಾನು ದಾರ ಕಟ್ಟಿದ ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ನೋಡಿದೆ. ಅಷ್ಟರಲ್ಲಿ ಅತ್ತೆ ಮುಂದಿನ ಕೋಣೆಗೆ ಹೋಗಿದ್ದಳು.

"ಬನ್ನಿ ಅಮ್ಮಾ, ನೀವೇ ಒಳಗ್ ಬಂದು ನೋಡಿ. ಸೌಟು ಬೇರೆ ಇಟ್ಟಿದ್ದೀವಿ, ಪಾತ್ರೆ ಬೇರೆ ಇಟ್ಟಿದ್ದೀವಿ."

"ಅದನ್ನೆಲ್ಲ ನಾನ್ಯಾಕೆ ನೋಡ್ಲಿ," ಎಂದಳು ಅಜ್ಜಿ. "ಆ ಮಗೀನ ಕರೀರಿ."

ನಾನು ಹೋಗಿ ನಿಂತೆ. ಅಮ್ಮ ಖಾಲಿ ತಟ್ಟೆಯನ್ನು ಅಜ್ಜಿಯ ಮುಂದಿಟ್ಟು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಕುಸ್ಮಾ, ನಿಜ ಏಳು. ನಾನು ತಿನ್ಬೌದಾ?"

"ತಿನ್ಬಹುದು ಅಜ್ಜಿ," ಎಂದೆ. ಅಮ್ಮನ ಮುಖ ನೋಡಿದೆ, ನೋಡಿಯೂ ಉಳಿದದ್ದನ್ನು ಹೇಳಿದೆ. "ಉಪ್ಪು ಮಾತ್ರ ಒಂಚೂರು ಜಾಸ್ತಿಯಾಗಿದೆ."

ಅಜ್ಜಿ ನನ್ನನ್ನೇ ನೋಡುತ್ತ, ಬಡಿಸಲೆಂದು ತಟ್ಟೆಯನ್ನು ಅಮ್ಮನ ಕಡೆಗೆ ಒಡ್ಡಿದಳು.